ನಾಯಿಗೆ ಮರುಗಿದೆವು, ಅಣ್ಣತಮ್ಮಂದಿರನ್ನು ಮರೆತೆವು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಸೋಮವಾರಪೇಟೆಯಲ್ಲಿ ಚಿತ್ರಾಸಕ್ತರು ಸೇರಿ ಏರ್ಪಡಿಸಿದ್ದ ಪ್ರದರ್ಶನದ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಬಂದ ಮೂರು ಅಭಿಪ್ರಾಯಗಳನ್ನು ಓದಿದೆ. ಮೆಕ್ಸಿಕೊದ ‘ಆಮೋರೆಸ್ ಪೆರ್ರೋಸ್’ ಚಿತ್ರವನ್ನು ಒಬ್ಬರು ನಾಯಿಗಳ ಮೇಲಿನ ಕ್ರೌರ್ಯದ ಪ್ರದರ್ಶನ ಎಂದಿದ್ದಾರೆ. ಇನ್ನೊಬ್ಬರು ಮೊದಲ ಒಂದು ಗಂಟೆ ಬಿಗಿಯಾಗಿದ್ದ ಚಿತ್ರ ಆಮೇಲೆ ಜೋತುಬಿದ್ದಿತು ಎಂದಿದ್ದಾರೆ. ಮೂರನೆಯವರಿಗೆ ಮೂರು ಬೇರೆ ಬೇರೆ ಕತೆಗಳನ್ನು ಒಂದು ಕಾರು ಅಪಘಾತದಿಂದ ಗಂಟು ಹಾಕಿದ್ದು ಬರೀ ಜಾಣತನವಾಗಿ ಕಂಡಿದೆ. ಅಂದು ಸಭಾಂಗಣದಲ್ಲಿ ನಾನೂ ಇದ್ದೆ. ಮೂರೂ ಅಭಿಪ್ರಾಯಗಳು ಪ್ರಾಮಾಣಿಕವಾದವು ಎಂಬುದರಲ್ಲಿ ಸಂಶಯವಿಲ್ಲ, ಆದರೆ ಮೂರರಲ್ಲೂ ಚಿತ್ರದ ಮುಖ್ಯ ಸಂಗತಿಯೇ ಬಿಟ್ಟುಹೋಗಿದೆ ಎಂದು ನನಗೆ ಅನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಾಯಿಗಳ ವಿಚಾರ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಶುವೈದ್ಯಕೀಯ ಪರೀಕ್ಷಕನಾಗಿ ಈ ಜಿಲ್ಲೆಯಲ್ಲಿ ಅಲೆದವನು ನಾನು. ಕಾಡುಹಂದಿಗೆಂದು ಒಡ್ಡಿದ ಉರುಳಿಗೆ ಸಿಕ್ಕಿ ಸೊಂಟ ಕೊಯ್ದುಕೊಂಡ ನಾಯಿಗಳು, ಚಿರತೆಯ ಬಾಯಿಂದ ಹೇಗೋ ತಪ್ಪಿಸಿಕೊಂಡು ಬೆಳಗಿನ ಜಾವ ತೋಟದ ಕಾರ್ಮಿಕರ ಲೈನ್ ಮನೆಯ ಬಾಗಿಲಿಗೆ ಬಂದು ಬಿದ್ದ ನಾಯಿಗಳು, ಮಳೆಗಾಲದಲ್ಲಿ ಮೂಗಿನೊಳಗೆ ಜಿಗಣೆ ಹೊಕ್ಕು ವಾರಗಟ್ಟಲೆ ರಕ್ತ ಸೀನುವ ನಾಯಿಗಳು, ಇವೆಲ್ಲ ನನ್ನ ಕೈಯಲ್ಲಿ ಹಾದುಹೋಗಿವೆ. ಆದ್ದರಿಂದ ಕಾದಾಟದ ದೃಶ್ಯಗಳಲ್ಲಿ ಕಣ್ಣು ಮುಚ್ಚಿಕೊಂಡವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ತಿಳಿದಿರಬೇಕಾದ ಸಂಗತಿಗಳಿವೆ. ಚಿತ್ರೀಕರಣದಲ್ಲಿ ನಾಯಿಗಳು ಒಂದನ್ನೊಂದು ಕಚ್ಚದಂತೆ ಅವುಗಳ ಮೂತಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಮೀನಿನ ಗಾಳದ ದಾರ ಸುತ್ತಲಾಗಿತ್ತು. ನಾವು ಕಾದಾಟವೆಂದು ನೋಡಿದ್ದು ಬಹುಪಾಲು ಅವುಗಳ ಆಟ. ಸತ್ತಂತೆ ಬಿದ್ದಿದ್ದ ನಾಯಿಗಳಿಗೆ ಮೇಲ್ವಿಚಾರಣೆಯಲ್ಲಿ ಮಂಪರಿನ ಔಷಧಿ ಕೊಡಲಾಗಿತ್ತು. ಮಂಪರು ಕೊಡುವುದೂ ಸರಿಯೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ, ನನ್ನ ವೃತ್ತಿಯವರಲ್ಲಿಯೂ ಆ ಬಗ್ಗೆ ಒಮ್ಮತ ಸಿಗಲಾರದು. ನಮ್ಮಲ್ಲಿ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಚಿತ್ರವೂ ಅದನ್ನು ಎಲ್ಲಿಯೂ ವೈಭವೀಕರಿಸುವುದಿಲ್ಲ.

ನನಗೆ ವಿಚಿತ್ರವಾಗಿ ಕಂಡದ್ದು ಬೇರೆ. ಪ್ರದರ್ಶನದ ನಂತರ ನಡೆದ ಚರ್ಚೆಯಲ್ಲಿ ಮಾತಾಡಿದವರಲ್ಲಿ ಹೆಚ್ಚಿನವರು ಮೊದಲ ಕತೆಯಲ್ಲಿ ಕೋಫಿ ಎಂಬ ರಾಟ್‌ವೀಲರ್ ತಳಿಯ ನಾಯಿಗೆ ಗುಂಡು ತಗುಲಿದ್ದನ್ನು ನೆನೆದು ಮರುಗಿದರು. (ಕಾಫಿ ನಾಡಿನ ನಮಗೆ ಆ ಹೆಸರು ಮೊದಲು ಕಿವಿಗೆ ಬಿದ್ದಾಗ ನಗು ಬಂದದ್ದು ನಿಜ, ಆ ನಗು ಐದು ನಿಮಿಷವೂ ಉಳಿಯಲಿಲ್ಲ.) ಆದರೆ ಅದೇ ಕತೆಯಲ್ಲಿ ಓಕ್ತಾವಿಯೊ ಎಂಬ ಹುಡುಗ ತನ್ನ ಒಡಹುಟ್ಟಿದ ಅಣ್ಣ ರಾಮಿರೊನನ್ನು ಗೂಂಡಾಗಳಿಂದ ಹೊಡೆಸುತ್ತಾನೆ. ಅಣ್ಣನ ಹೆಂಡತಿ ಸುಸಾನಾಳನ್ನು ಕರೆದುಕೊಂಡು ಓಡಿಹೋಗುವುದಕ್ಕೆಂದೇ ಅವನು ನಾಯಿಯನ್ನು ಕಾದಾಟಕ್ಕೆ ಬಿಟ್ಟು ಹಣ ಕೂಡಿಡುತ್ತಿರುವುದು. ಈ ಅಣ್ಣನ ಬಗ್ಗೆ ಚರ್ಚೆಯಲ್ಲಿ ಒಬ್ಬರೂ ಒಂದು ಮಾತು ಆಡಲಿಲ್ಲ. ರಾಮಿರೊ ಒಳ್ಳೆಯವನಲ್ಲ, ಹೆಂಡತಿಯ ಮೇಲೆ ಕೈಮಾಡುವವನು, ಸೂಪರ್‌ ಮಾರ್ಕೆಟ್ಟಿನ ಕೆಲಸದ ಮರೆಯಲ್ಲಿ ಔಷಧಿ ಅಂಗಡಿಗಳನ್ನು ದೋಚುವವನು. ಹಾಗಿದ್ದರೂ ನಾಯಿಯ ಗಾಯ ಕಂಡ ಕಣ್ಣಿಗೆ ಮನುಷ್ಯನ ಗಾಯ ಯಾಕೆ ಕಾಣಲಿಲ್ಲ ಎಂಬ ಪ್ರಶ್ನೆಯನ್ನು ಚಿತ್ರವೇ ನಮ್ಮ ಮುಂದಿಡುತ್ತದೆ ಎಂದು ನಾನು ತಿಳಿದಿದ್ದೇನೆ. ಸ್ಪ್ಯಾನಿಷ್‌ನಲ್ಲಿ ‘ಆಮೋರ್’ ಎಂದರೆ ಪ್ರೀತಿ, ‘ಪೆರ್ರೊ’ ಎಂದರೆ ನಾಯಿ. ಆ ಶೀರ್ಷಿಕೆಯನ್ನು ಇಂಗ್ಲಿಷಿಗೆ ತರಲು ಹೆಣಗಿದವರಿಗೆ ನಮ್ಮ ‘ನಾಯಿಪಾಡು’ ಎಂಬ ಮಾತು ಗೊತ್ತಿದ್ದರೆ ಕೆಲಸ ಹಗುರಾಗುತ್ತಿತ್ತು; ಇದು ಪ್ರೀತಿಯ ನಾಯಿಪಾಡಿನ ಚಿತ್ರ, ನಾಯಿಗಳ ಚಿತ್ರವಲ್ಲ.

ಅಪಘಾತದ ಗಂಟು ಬರೀ ಜಾಣತನ ಎಂಬ ಆಕ್ಷೇಪಕ್ಕೂ ಉತ್ತರ ಇಲ್ಲಿಯೇ ಇದೆ. ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ವನ್ನು 1976ರಲ್ಲಿ ನೋಡಿದ ತಲೆಮಾರಿನವರು ನಾವು, ಒಂದೇ ಚಿತ್ರದಲ್ಲಿ ಮೂರು ಕತೆ ನಮಗೆ ಹೊಸದಲ್ಲ. ಅಲ್ಲಿ ಕತೆಗಳು ಒಂದನ್ನೊಂದು ಮುಟ್ಟದೆ ಅಕ್ಕಪಕ್ಕ ನಿಂತಿದ್ದವು. ನಿರ್ದೇಶಕ ಅಲೆಹಾಂದ್ರೊ ಗೊನ್ಸಾಲೆಸ್ ಇನ್ಯಾರಿಟು ಮತ್ತು ಚಿತ್ರಕತೆ ಬರೆದ ಗಿಯೆರ್ಮೊ ಅರಿಯಾಗ ಇಲ್ಲಿ ಒಂದೇ ಅಪಘಾತವನ್ನು ಮತ್ತೆ ಮತ್ತೆ ತೋರಿಸುತ್ತಾರೆ: ಒಮ್ಮೆ ಗಾಯಗೊಂಡ ನಾಯಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಓಡುತ್ತಿರುವ ಓಕ್ತಾವಿಯೊನ ಕಾರಿನಿಂದ, ಒಮ್ಮೆ ರೂಪದರ್ಶಿ ವಲೇರಿಯಾಳ ಕಡೆಯಿಂದ, ಮತ್ತೊಮ್ಮೆ ರಸ್ತೆಯಂಚಿನಲ್ಲಿ ನಿಂತ ಎಲ್ ಚಿವೊ ಎಂಬ ಗಡ್ಡದ ಮುದುಕನ ಕಣ್ಣಿನಿಂದ. ಆದರೆ ಕತೆಗಳನ್ನು ನಿಜವಾಗಿ ಕಟ್ಟಿರುವುದು ಆ ಅಪಘಾತವಲ್ಲ, ಅಣ್ಣತಮ್ಮಂದಿರು ಮತ್ತು ಮನೆ ಬಿಟ್ಟುಹೋದ ಅಪ್ಪಂದಿರು. ಮೊದಲ ಕತೆಯಲ್ಲಿ ತಮ್ಮನೇ ಅಣ್ಣನಿಗೆ ಹಗೆ. ಮೂರನೆಯದರಲ್ಲಿ ವ್ಯವಹಾರದಲ್ಲಿ ಪಾಲುದಾರನೂ ಆದ ಮಲಸಹೋದರನನ್ನು ಕೊಲ್ಲಲು ಒಬ್ಬ ಶ್ರೀಮಂತ ಎಲ್ ಚಿವೊಗೆ ಸುಪಾರಿ ಕೊಡುತ್ತಾನೆ. ನಡುವಿನ ಕತೆಯ ದಾನಿಯೆಲ್ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ವಲೇರಿಯಾಳ ಬಳಿಗೆ ಬಂದವನು. ಎಲ್ ಚಿವೊ ಕ್ರಾಂತಿಯ ಹೆಸರಿನಲ್ಲಿ ಪುಟ್ಟ ಮಗಳನ್ನು ತೊರೆದು ಗೆರಿಲ್ಲಾ ಸೇರಿ, ಜೈಲು ಸೇರಿ, ಈಗ ಬೀದಿನಾಯಿಗಳ ನಡುವೆ ಬದುಕುತ್ತಿರುವವನು. ತೋಟದ ಪಾಲಿನ ವಿಷಯದಲ್ಲಿ ಒಂದೇ ಅಂಗಳದಲ್ಲಿ ಬೆಳೆದ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟು, ಸಾವಿನ ಮನೆಯಲ್ಲೂ ಬೇರೆ ಬೇರೆ ಬದಿಯಲ್ಲಿ ನಿಲ್ಲುವುದನ್ನು ನೋಡಿದ ನಮ್ಮ ಜಿಲ್ಲೆಯವರಿಗೆ ಈ ಎಳೆ ಮೊದಲು ಕಾಣಬೇಕಿತ್ತು. ಕಾಣಲಿಲ್ಲ ಎನ್ನುವುದೇ ನನಗೆ ಆಶ್ಚರ್ಯ.

ಇನ್ನು ಚಿತ್ರ ಜೋತುಬಿದ್ದಿತು ಎಂಬ ಮಾತು. ಹೆಚ್ಚಿನವರು ಬೊಟ್ಟು ಮಾಡಿದ್ದು ವಲೇರಿಯಾಳ ಕತೆಯತ್ತ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಅತ್ಯಂತ ಗಟ್ಟಿಯಾದ ಭಾಗ ಅದೇ. ಕಾಲು ಮುರಿದ ರೂಪದರ್ಶಿ ಹೊಸ ಮನೆಯಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತಿದ್ದಾಳೆ. ಕಿಟಕಿಯಾಚೆ ಅವಳದೇ ದೊಡ್ಡ ಚಿತ್ರವಿರುವ ಸುಗಂಧದ್ರವ್ಯದ ಜಾಹೀರಾತು ಫಲಕ. ಅವಳ ಪುಟ್ಟ ನಾಯಿ ರಿಚಿ ಮರದ ನೆಲದಲ್ಲಿದ್ದ ಒಂದು ತೂತಿನೊಳಗೆ ಇಳಿದು ಮತ್ತೆ ಮೇಲೆ ಬರುವುದಿಲ್ಲ. ರಾತ್ರಿಯೆಲ್ಲ ಹಲಗೆಯಡಿಯಿಂದ ಅದರ ಕುಂಯಿಗುಟ್ಟುವಿಕೆ, ಇಲಿಗಳ ಓಡಾಟದ ಸದ್ದು. ಅಷ್ಟೇ ಕತೆ. ‘ನಾಯಿ ಹುಡುಕುವುದಕ್ಕೆ ಅರ್ಧ ಗಂಟೆ ಬೇಕಿತ್ತೇ?’ ಎಂದು ಚರ್ಚೆಯಲ್ಲಿ ಒಬ್ಬರು ಕೇಳಿದಾಗ ಸಭೆ ನಕ್ಕಿತು. ನಾನು ನಗಲಿಲ್ಲ, ಅದಕ್ಕೆ ಕಾರಣವಿದೆ.

ನಿವೃತ್ತಿಗೆ ಮುಂಚೆ ಒಮ್ಮೆ ಸುಂಟಿಕೊಪ್ಪದ ಕಡೆಯ ಒಂದು ತೋಟದ ಬಂಗಲೆಯಿಂದ ನನಗೆ ಕರೆ ಬಂದಿತ್ತು. ಹಳೆಯ ಕಾಲದ ಮರದ ನೆಲ, ಅದರಡಿ ಒಂದೂವರೆ ಅಡಿಯಷ್ಟು ಟೊಳ್ಳು. ಇಲಿಯ ಹಿಂದೆ ನುಗ್ಗಿದ ಸಣ್ಣ ನಾಯಿಯೊಂದು ಒಳಗೆ ಸಿಕ್ಕಿಕೊಂಡು ಎರಡು ದಿನವಾಗಿತ್ತು. ನಾನು ಹೋದಾಗ ಮನೆಯ ಯಜಮಾನರು ಟಾರ್ಚು ಹಿಡಿದು ನೆಲದ ಮೇಲೆ ಬೋರಲು ಮಲಗಿದ್ದರು, ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಹಲಗೆ ಕೀಳಿಸಬೇಕೆಂದು ಆಕೆ, ಅಂಥ ಬೀಟೆ ಹಲಗೆ ಈಗ ಎಲ್ಲಿ ಸಿಗುತ್ತದೆಂದು ಅವರು. ಮಾತು ಹಲಗೆಯಿಂದ ಶುರುವಾಗಿ ಮದುವೆಯಾದ ವರ್ಷದವರೆಗೂ ಹೋಯಿತು. ಕೊನೆಗೆ ಬಡಗಿ ಬಂದು ಎರಡು ಹಲಗೆ ಎಬ್ಬಿಸಿದ ಮೇಲೆ ಮೂತಿಯ ತುಂಬ ಜೇಡರ ಬಲೆ ಮೆತ್ತಿಕೊಂಡು ನಾಯಿ ಹೊರಗೆ ಬಂತು. ಅದಕ್ಕೆ ಹೆಚ್ಚೇನೂ ಆಗಿರಲಿಲ್ಲ. ನಾನು ಹೊರಡುವ ತನಕವೂ ಗಂಡ ಹೆಂಡತಿ ಪರಸ್ಪರ ಮುಖ ನೋಡಲಿಲ್ಲ. ಚಿತ್ರದಲ್ಲಿ ದಾನಿಯೆಲ್ ನೆಲ ಒಡೆಯಲು ಹಿಂದೆಮುಂದೆ ನೋಡುವಾಗ ನನಗೆ ಕಂಡದ್ದು ಆ ಬಂಗಲೆಯ ಹಜಾರ. ಅಲ್ಲಿ ಹುಡುಕಾಟ ನಾಯಿಯದಲ್ಲ. ಇಬ್ಬರು ಸೇರಿ ಕಟ್ಟಿಕೊಳ್ಳುತ್ತೇವೆ ಎಂದುಕೊಂಡಿದ್ದ ಮನೆಯ ಅಡಿಪಾಯದಲ್ಲಿ ಏನಿದೆ ಎಂಬುದು ಹಂತಹಂತವಾಗಿ ಕಿವಿಗೆ ಬೀಳುತ್ತಿದೆ. ಕಡೆಗೆ ಕಾಲು ಕತ್ತರಿಸಿಕೊಂಡು ಮರಳಿದ ವಲೇರಿಯಾ ಕಿಟಕಿಯಿಂದ ನೋಡಿದಾಗ ಎದುರಿನ ಫಲಕ ಖಾಲಿಯಾಗಿದೆ, ‘ಲಭ್ಯವಿದೆ’ ಎಂಬ ಅರ್ಥದ ಒಂದೇ ಪದ ಅದರ ಮೇಲಿದೆ. ಅರ್ಧ ಗಂಟೆ ಹುಡುಕಾಟ ನೋಡದವರಿಗೆ ಆ ಒಂದು ಪದ ಏನೂ ಹೇಳಲಾರದು.

ಚಿತ್ರದಲ್ಲಿ ದೋಷವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಸುಪಾರಿ ಕೊಟ್ಟವನನ್ನೂ ಅವನ ಗುರಿಯಾದವನನ್ನೂ ಎದುರುಬದುರು ಕಟ್ಟಿಹಾಕಿ ನಡುವೆ ಪಿಸ್ತೂಲು ಇಟ್ಟು ಎಲ್ ಚಿವೊ ಹೊರಟುಹೋಗುವ ದೃಶ್ಯ ನಾಟಕದ್ದೆನ್ನಿಸಿತು. ನನ್ನ ಪಕ್ಕ ಕುಳಿತಿದ್ದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಈ ಚಿತ್ರದ ಹೆಂಗಸರಿಗೆ ಕಾಯುವುದು, ಕಳೆದುಕೊಳ್ಳುವುದು ಬಿಟ್ಟರೆ ಬೇರೆ ಕೆಲಸವನ್ನೇ ಕೊಟ್ಟಿಲ್ಲ ಎಂದಳು. ಅಂದು ಕೇಳಿದ ಆಕ್ಷೇಪಗಳಲ್ಲಿ ನನ್ನನ್ನು ನಿರುತ್ತರಗೊಳಿಸಿದ್ದು ಅದೊಂದೇ. ಸುಸಾನಾ ಕಡೆಗೆ ಬಸ್ ನಿಲ್ದಾಣಕ್ಕೆ ಬರುವುದಿಲ್ಲ, ತಲೆ ಬೋಳಿಸಿಕೊಂಡ ಓಕ್ತಾವಿಯೊ ಊರುಗೋಲು ಹಿಡಿದು ಒಬ್ಬನೇ ಕಾಯುತ್ತಾನೆ ಎಂಬುದನ್ನು ನೆನಪಿಸಿದೆ. ‘ಅವಳು ಯಾಕೆ ಬರಲಿಲ್ಲ ಎಂದು ಅವಳ ಬಾಯಿಂದ ಕೇಳಿಸಲಿಲ್ಲವಲ್ಲ ಸರ್’ ಎಂದಳು. ನಿಜವೇ.

ಎಮಿಲಿಯೊ ಎಚೆವರಿಯಾ ಅಭಿನಯಿಸಿದ ಎಲ್ ಚಿವೊನ ಬಗ್ಗೆ ಮಾತ್ರ ಎಲ್ಲರೂ ಒಂದೇ ಮಾತಿನಲ್ಲಿ ಮೆಚ್ಚಿ ಮಾತಾಡಿದರು, ಆದ್ದರಿಂದ ಹೆಚ್ಚು ಬರೆಯುವುದಿಲ್ಲ. ಅಪಘಾತದ ಸ್ಥಳದಿಂದ ಕೋಫಿಯನ್ನು ಹೊತ್ತು ತಂದು ಅವನು ಬದುಕಿಸುತ್ತಾನೆ; ಚೇತರಿಸಿಕೊಂಡ ಕೋಫಿ ತನಗೆ ಕಲಿಸಿದ್ದನ್ನೇ ಮಾಡುತ್ತದೆ, ಅವನ ಉಳಿದೆಲ್ಲ ನಾಯಿಗಳನ್ನು ಕೊಂದುಹಾಕುತ್ತದೆ. ಅದರ ತಲೆಗೆ ಗುರಿಯಿಟ್ಟ ಪಿಸ್ತೂಲನ್ನು ಅವನು ಇಳಿಸುವ ಆ ಕ್ಷಣದಲ್ಲಿ ನಮ್ಮ ಸಭಾಂಗಣದಲ್ಲಿ ಶೀಟಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಹಣದಾಸೆಗೆ ಕೊಲ್ಲಲು ಕಲಿತದ್ದು ನಾಯಿಯೊಂದೇ ಅಲ್ಲ ಎಂದು ಅವನಿಗೆ ಹೊಳೆದದ್ದು ಮುಖದಲ್ಲೇ ಕಾಣುತ್ತಿತ್ತು.

ಕಡೆಯದಾಗಿ ಸಂಘಟಕರಲ್ಲಿ ಒಂದು ವಿನಂತಿ. ಚಿತ್ರದ ಅವಧಿ ಎರಡೂವರೆ ಗಂಟೆಗೂ ತುಸು ಹೆಚ್ಚು. ಅಂದು ಚಹಾ ವಿರಾಮವನ್ನು ಸರಿಯಾಗಿ ಅರ್ಧಕ್ಕೆ, ಅಂದರೆ ರಿಚಿ ನೆಲದಡಿ ಸಿಕ್ಕಿಕೊಂಡ ಹೊತ್ತಿಗೇ ಕೊಟ್ಟರು. ವಿರಾಮ ಇಪ್ಪತ್ತು ನಿಮಿಷಕ್ಕೆ ಬೆಳೆಯಿತು, ಅಷ್ಟರಲ್ಲಿ ಕರೆಂಟೂ ಹೋಯಿತು, ಜನರೇಟರ್ ಹಚ್ಚಿ ಮತ್ತೆ ಶುರುಮಾಡುವ ವೇಳೆಗೆ ಹಲಗೆಯಡಿಯ ಆ ಸದ್ದು ಯಾರ ಕಿವಿಯಲ್ಲೂ ಉಳಿದಿರಲಿಲ್ಲ. ಚಿತ್ರ ಜೋತುಬಿದ್ದಿತು ಎಂಬ ದೂರಿನಲ್ಲಿ ಅರ್ಧ ಪಾಲು ಆ ಚಹಾಕ್ಕೆ ಸೇರಬೇಕು. ಮಡಿಕೇರಿಯಲ್ಲಿಯೂ ಇದೇ ಚಿತ್ರವನ್ನು ತೋರಿಸುವ ಆಲೋಚನೆ ಇದೆಯೆಂದು ಕೇಳಿದ್ದೇನೆ. ಹಾಗಿದ್ದರೆ ವಿರಾಮವನ್ನು ಮೊದಲ ಕತೆ ಮುಗಿದೊಡನೆ ಕೊಡಲಿ, ಇಲ್ಲವೇ ಕೊಡದಿರಲಿ. ಇಂಗ್ಲಿಷ್ ಸಬ್‌ಟೈಟಲ್ ಓದಲು ಕಷ್ಟಪಡುವವರಿಗಾಗಿ ಪಾತ್ರಗಳ ಹೆಸರು ಮತ್ತು ಸಂಬಂಧಗಳನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಬಾಗಿಲಲ್ಲೇ ಹಂಚಿದರೆ, ಯಾರು ಯಾರ ಅಣ್ಣ ಎಂದು ಪಕ್ಕದವರನ್ನು ಕೇಳುವ ಪಿಸುಮಾತೂ ತಪ್ಪುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಪಶುವೈದ್ಯಕೀಯ ಪರೀಕ್ಷಕ,
ಸೋಮವಾರಪೇಟೆ, ಕೊಡಗು