ವಾರ್ನಿಶ್‌ಗೆ ಮೊದಲು

ಲೇವಾರ್ಡನ್, ನೆದರ್‌ಲ್ಯಾಂಡ್ಸ್
17 ನವೆಂಬರ್ 2024, ಭಾನುವಾರ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಇಲ್ಲಿ ಆರಾಮಾಗಿದ್ದೇನೆ. ಚಳಿ ಶುರುವಾಗಿದೆ, ಸಂಜೆ ಐದಕ್ಕೆಲ್ಲ ಕತ್ತಲು. ಎರಡು ಭಾನುವಾರ ಫೋನ್ ಮಾಡಲಿಲ್ಲ ಅಂತ ಅಮ್ಮನಿಗೆ ಸಿಟ್ಟು, ಗೊತ್ತು. ಕೆಲಸದಲ್ಲಿ ನಲವತ್ತು ಸರ್ಕ್ಯೂಟ್ ಬೋರ್ಡಿನ ಪೈಕಿ ಹನ್ನೊಂದು ಸತ್ತು ಕೂತಿದ್ದವು. ಆ ಕಥೆ ಫೋನಲ್ಲಿ ಹೇಳಿ ಮುಗಿಯೋದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ, ಇದು ಜಾಸ್ತಿ ನಿಮಗೇ.

ಹಾಲಿನ ಟ್ಯಾಂಕು ಎಷ್ಟು ತಣ್ಣಗಿದೆ ಅಂತ ಹತ್ತು ನಿಮಿಷಕ್ಕೊಮ್ಮೆ ತಿಳಿಸೋ ಬೋರ್ಡು ಇದು. (ಅಮ್ಮಾ, ನಮ್ಮ ಹಸು ಗೌರಿ ಎಚ್‌ಎಫ್ ತಳಿ ಅಲ್ವಾ? ಆ 'ಎಫ್' ಅಂದರೆ ಫ್ರೀಷಿಯನ್. ನಾನಿರೋ ಈ ಫ್ರೀಸ್‌ಲ್ಯಾಂಡ್ ಸೀಮೆಯದೇ ಹೆಸರು. ಎಲ್ಲಿ ನೋಡಿದರೂ ಗೌರಿಯ ಅಕ್ಕತಂಗಿಯರು.) ಕೊಟ್ಟಿಗೆ ಅಂದಮೇಲೆ ತೇವ, ಗಂಜಲದ ಘಾಟು ಇದ್ದದ್ದೇ. ತಾಮ್ರ ಬೇಗ ಹಸಿರುಗಟ್ಟುತ್ತದೆ. ಅದಕ್ಕೇ ಬೋರ್ಡಿನ ಮೇಲೆ ಅಕ್ರಿಲಿಕ್ ಕೋಟಿಂಗ್ ಸ್ಪ್ರೇ ಹೊಡೆಯುತ್ತೇವೆ. ನೀವು ಮೋಟಾರಿನ ವೈಂಡಿಂಗಿಗೆ ಹಾಕೋ ವಾರ್ನಿಶ್‌ನ ತಮ್ಮ ಅಂದುಕೊಳ್ಳಿ, ಕೂದಲೆಳೆಯಷ್ಟು ತೆಳು.

ಹೊಡೆಯುವ ಮುಂಚೆ ನಲವತ್ತೂ ಟೆಸ್ಟಿನಲ್ಲಿ ಪಾಸು. ಮಾರನೇ ಬೆಳಿಗ್ಗೆ ಹನ್ನೊಂದು ಏಳಲೇ ಇಲ್ಲ. ಬ್ಯಾಟರಿ ಉಳಿಯಲಿ ಅಂತ ಬೋರ್ಡು ಹತ್ತು ನಿಮಿಷ ಮಲಗಿ ಏಳುತ್ತದೆ. ಅದನ್ನು ಏಳಿಸೋದು ಅಕ್ಕಿಕಾಳಿನಷ್ಟು ಚಿಕ್ಕ ಕ್ರಿಸ್ಟಲ್, ಕೈಗಡಿಯಾರದಲ್ಲಿರುತ್ತಲ್ಲ, ಅಂಥದ್ದೇ. ಸೆಕೆಂಡಿಗೆ 32,768 ಸಲ ಅದುರುತ್ತದೆ. ಹದಿನೈದು ಸಲ ಅರ್ಧ ಮಾಡುತ್ತ ಬನ್ನಿ, ಸೆಕೆಂಡಿಗೆ ಸರಿಯಾಗಿ ಒಂದು.

ಮೊದಲ ಅನುಮಾನ ಕನೆಕ್ಟರ್ ಮೇಲೆ. ಪಿನ್ನಿಗೆ ಕೋಟಿಂಗ್ ಇಳಿದರೆ ಕಾಂಟ್ಯಾಕ್ಟ್ ಸಿಗೋದಿಲ್ಲ. ಯುವಿ ಟಾರ್ಚ್ ಬಿಟ್ಟರೆ ಈ ಕೋಟಿಂಗ್ ನೀಲಿಯಾಗಿ ಹೊಳೆಯುತ್ತದೆ. ಲೈಟ್ ಆರಿಸಿ ಒಂದೊಂದೇ ನೋಡಿದೆ. ಒಂದರಲ್ಲಿ ಮಾತ್ರ ಪಿನ್ ಹೊಳೆಯಿತು. ಒರೆಸಿದೆ, ಎದ್ದಿತು. ಉಳಿದ ಹತ್ತು ಹಾಗೇ.

ಅದುರುತ್ತಿದೆಯಾ ಅಂತ ನೋಡಲು ಕ್ರಿಸ್ಟಲ್‌ಗೆ ಸ್ಕೋಪಿನ (ಸಿಗ್ನಲ್ಲನ್ನು ಪರದೆ ಮೇಲೆ ತೋರಿಸೋ ಯಂತ್ರ) ಪ್ರೋಬ್ ಇಟ್ಟೆ. ಚೆನ್ನಾಗಿದ್ದ ಬೋರ್ಡೂ ನಿಂತುಹೋಯಿತು! ಅಷ್ಟು ನಾಜೂಕು, ಪ್ರೋಬೇ ಅದಕ್ಕೆ ಭಾರ. ಮಲಗಿದ ಮಗು ಉಸಿರಾಡ್ತಿದೆಯಾ ಅಂತ ಮುಟ್ಟಿ ಎಬ್ಬಿಸಿದ ಹಾಗಾಯಿತು.

ಕೊನೆಗೆ ರೂಮಿನಿಂದ ಹೇರ್ ಡ್ರೈಯರ್ ತಂದೆ. ಎರಡು ನಿಮಿಷ ಬಿಸಿ ಗಾಳಿ ಬಿಟ್ಟದ್ದೇ ಬೋರ್ಡು ಎದ್ದು ಕೂತಿತು. ಒಂದು ಗಂಟೆ ಬಿಟ್ಟು ನೋಡಿದರೆ ಮತ್ತೆ ನಿದ್ದೆ.

ಆಗ ನಿಮ್ಮ ಅಂಗಡಿಯ ತಗಡಿನ ಡ್ರಮ್ಮು ನೆನಪಾಯಿತು, ಅದರೊಳಗಿನ 200 ವ್ಯಾಟ್ ಬಲ್ಬು. ಮಳೆಗೆ ನೆನೆದ ಮೊನೊಬ್ಲಾಕ್ ಪಂಪಿನ ಮೋಟಾರು ಬಂದರೆ, ಗಿರಾಕಿ ಎಷ್ಟೇ ಅವಸರ ಮಾಡಲಿ, ರಾತ್ರಿಯೆಲ್ಲ ಅದನ್ನು ಡ್ರಮ್ಮಿನಲ್ಲಿ ಕೂರಿಸುತ್ತಿದ್ದಿರಿ. ಬೆಳಿಗ್ಗೆ ಕರೆಂಟು ಸೋರುತ್ತಾ ಅಂತ ಮೆಗ್ಗರ್ ತಿರುಗಿಸಿ ನೋಡಿ, ಆಮೇಲೇ ವಾರ್ನಿಶ್. "ತೇವ ಒಳಗಿಟ್ಟು ಬಾಗಿಲು ಹಾಕಬಾರದು ಕಣಮ್ಮ" ಅಂತಿದ್ದಿರಿ.

ಒಂದು ಬೋರ್ಡಿನಲ್ಲಿ ಕ್ರಿಸ್ಟಲ್ ಸುತ್ತ ಮಾತ್ರ ಅಸಿಟೋನ್ ಅದ್ದಿದ ಹತ್ತಿಯಿಂದ ಕೋಟಿಂಗ್ ಕರಗಿಸಿ ತೆಗೆದೆ. ಆದರೂ ಏಳಲಿಲ್ಲ. ಕೋಟಿಂಗ್ ಹೋದರೂ ರೋಗ ಹೋಗಿಲ್ಲ! ಭೂತಗನ್ನಡಿ ಹಿಡಿದರೆ ಎರಡು ಕಾಲಿನ ನಡುವೆ ಬಿಳಿಚಿಕೊಂಡ ಒಂದು ಕಲೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದು ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಉಜ್ಜಿದೆ. 60 ಡಿಗ್ರಿ ಓವನ್ನಿನಲ್ಲಿ ಎರಡು ಗಂಟೆ ಇಟ್ಟೆ. ಎದ್ದಿತು. ಮತ್ತೆ ಕೋಟಿಂಗ್ ಹೊಡೆದೆ. ಮಾರನೇ ದಿನವೂ ಎದ್ದೇ ಇತ್ತು.

ಕಲೆ ಯಾವುದು ಗೊತ್ತಾ? ಫ್ಲಕ್ಸ್, ಸೋಲ್ಡರ್ ಚೆನ್ನಾಗಿ ಹಿಡಿಯಲಿ ಅಂತ ಹಚ್ಚೋದು. ಆ ಹತ್ತರಲ್ಲಿ ಕ್ರಿಸ್ಟಲ್ ಬದಲಾಯಿಸಿ ಕೈಯಲ್ಲಿ ಸೋಲ್ಡರ್ ಮಾಡಿದವಳು ನಾನೇ. ಫ್ಲಕ್ಸ್ ಪೆನ್ನಿನ ಮೇಲೆ 'ನೋ ಕ್ಲೀನ್' ಅಂತ ಬರೆದಿದೆ, ತೊಳೆಯೋದೇ ಬೇಡ ಅಂತ. ಅದು ಪೂರ್ತಿ ಕಾದರೆ ಮಾತ್ರ ನಿಜ. ಬಿಸಿ ತಗುಲದೆ ಪಕ್ಕಕ್ಕೆ ಹರಿದದ್ದರಲ್ಲಿ ಹುಳಿ (ಆಸಿಡ್) ಹಾಗೇ ಉಳಿಯುತ್ತದೆ, ತೇವ ಎಳೆದುಕೊಳ್ಳುತ್ತದೆ. ಒಣಗಿ ಸುಮ್ನೆ ಕೂತಿದ್ದ ಅದನ್ನು ಕೋಟಿಂಗಿನ ಥಿನ್ನರ್ ಕರಗಿಸಿ ಎರಡೂ ಕಾಲಿಗೆ ಹರಡಿತು. ಮೇಲೆ ಮುಚ್ಚಳ ಬೇರೆ ಬಿತ್ತು. ಮೆಗ್ಗರ್‌ನಲ್ಲಿ ಎರಡು ಮೆಗಾ ಓಮ್ ತಡೆ (ರೆಸಿಸ್ಟೆನ್ಸ್) ಬಂದರೆ ನೀವು ಮೋಟಾರು ಓಕೆ ಅಂತೀರಿ. ಈ ಕ್ರಿಸ್ಟಲ್‌ನ ಕಾಲುಗಳ ನಡುವೆ ಎರಡು ಮೆಗಾ ಓಮ್ ಅಂದರೆ ತೂಬು ತೆರೆದ ಹಾಗೆ!

ಎಲ್ಲರೂ ಬೇರೆ ಕಂಪನಿಯ ಕೋಟಿಂಗ್ ತರೋಣ ಅಂತ ಹೊರಟಿದ್ದರು. ತಪ್ಪು ನನ್ನದೇ ಅಂತ ಹೇಳುವಾಗ ಮುಖ ಸಣ್ಣದಾಯಿತು, ಆದರೆ ಯಾರೂ ಏನೂ ಅನ್ನಲಿಲ್ಲ. ಉಳಿದ ಒಂಬತ್ತನ್ನೂ ಶುಕ್ರವಾರ ತೊಳೆದು ಒಣಗಿಸಿದೆ. ಎಲ್ಲವೂ ಎದ್ದವು.

ಅಮ್ಮಾ, ಚಟ್ನಿಪುಡಿ ಮುಗಿಯಿತು, ಯಾರಾದರೂ ಬರುವವರಿದ್ದರೆ ಕಳಿಸು. ಗೌರಿ ಕರು ಹಾಕಿದಳಾ? ಅಪ್ಪ, ಆ 200 ವ್ಯಾಟ್ ಬಲ್ಬು ಈಗಲೂ ಅಂಗಡಿಯಲ್ಲಿ ಸಿಗುತ್ತಾ, ಇಲ್ಲಾ ಹಳೆಯದನ್ನೇ ಜೋಪಾನ ಮಾಡ್ತಿದ್ದೀರಾ?

ನಿಮ್ಮ
ಪುಟ್ಟಿ