ಏಳು ಸೂಜಿ

ಯವ್ವಾ ತಂಗಿ,

ಬೆಂಗಳೂರು ಮುಟ್ಟಿದ ಕೂಡಲೇ ಫೋನ್ ಮಾಡಿದ್ದು ಅಪ್ಪನಿಗೆ, ನನಗಲ್ಲ. ಇರಲಿ. ಮೊನ್ನೆ ರಾತ್ರಿಯ ಜಗಳ ಇಬ್ಬರಿಗೂ ಬಾಯಿಪಾಠ ಇದೆ, ಮತ್ತೆ ಬರೆಯುವುದಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಅಂತ ಊರೆಲ್ಲ ಹೆಮ್ಮೆಯಿಂದ ಹೇಳುತ್ತದೆ. ಅಷ್ಟುದ್ದದ ಪ್ಲಾಟ್‌ಫಾರ್ಮ್ ಮೇಲೆ ನಮ್ಮಿಬ್ಬರ ಬಾಯಿಂದ ಒಂದು ಮಾತು ಬರಲಿಲ್ಲ ನೋಡು.

ಇವತ್ತು ಸೀರೆಗೆ ಫಾಲ್ ಹಚ್ಚಬೇಕಂತ ಡಬ್ಬಿ ತೆಗೆದೆ. ಏಳು ಸೂಜಿಗೆ ದಾರ ಪೋಣಿಸಿ, ಹಳೇ ಕ್ಯಾಲೆಂಡರಿನ ರಟ್ಟಿಗೆ ಸಾಲಾಗಿ ಚುಚ್ಚಿಟ್ಟು ಹೋಗಿದ್ದೀಯ. ಯಾವಾಗ ಮಾಡಿದೆ? ಜಗಳಕ್ಕೆ ಮುಂಚೆಯೋ, ಆಮೇಲೋ? ಆಮೇಲೆ ಅಂತಾದರೆ ಹೇಳಬೇಡ.

ಧಾರವಾಡದಲ್ಲಿ ನಿನ್ನ ಆಯಿ, ನನ್ನ ಅವ್ವ, ಕಸೂತಿ ಹಾಕುತ್ತಿದ್ದಳಲ್ಲ. ಮದುವೆ ಮನೆಯವರು ಕರೀ ಚಂದ್ರಕಾಳಿ ಸೀರೆ ತಂದುಕೊಡುತ್ತಿದ್ದರು, ಅದರ ಮೇಲೆ ತೇರು, ಗೋಪುರ, ತುಳಸಿಕಟ್ಟೆ. ಬಟ್ಟೆ ಮೇಲೆ ಗೆರೆ ಬರೆಯುವ ಹಾಗಿಲ್ಲ, ಎಳೆ ಎಣಿಸಿಯೇ ಹಾಕಬೇಕು, ಹಿಂದೆ ಗಂಟು ಕಾಣುವ ಹಾಗಿಲ್ಲ. ಗವಂತಿ ಹೊಲಿಗೆ ಅಂದರೆ ಒಂದು ಬಿಟ್ಟು ಒಂದು ಹಾಕುತ್ತ ಹೋಗಿ, ಬಿಟ್ಟದ್ದನ್ನು ತುಂಬುತ್ತ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಒಂದೆಳೆ ತಪ್ಪಿದರೂ ಬಿಚ್ಚಬೇಕು. ಶಾಲೆ ಮೆಟ್ಟಿಲು ಹತ್ತದ ಅವ್ವ ಲೆಕ್ಕ ತಪ್ಪಿದ್ದು ನಾನು ನೋಡಲಿಲ್ಲ. ಎಳೆ ಹೇಗೋ ಬೆರಳಿಗೆ ಸಿಗುತ್ತಿದ್ದವು, ಸೂಜಿಯ ಕಣ್ಣು ಮಾತ್ರ ಕಾಣುತ್ತಿರಲಿಲ್ಲ. ದಿನಾ ಬೆಳಿಗ್ಗೆ ನಾನು ಹತ್ತು ಸೂಜಿ ಪೋಣಿಸಿಟ್ಟು ಶಾಲೆಗೆ ಹೋಗುತ್ತಿದ್ದೆ.

ಒಂಬತ್ತನೇ ಕ್ಲಾಸಿನಲ್ಲಿ ಹಂಪಿ ಟ್ರಿಪ್ಪಿಗೆ ದುಡ್ಡು ಕೊಡಲಿಲ್ಲ ಅಂತ ಸಿಟ್ಟು ಬಂದು, ಬೇಕಂತಲೇ ಪೋಣಿಸದೆ ಹೋದೆ. ಸಂಜೆ ಬಂದಾಗ ಹೊಸ್ತಿಲ ಹತ್ತಿರ ಬೆಳಕಿಗೆ ಕೂತಿದ್ದಳು. ತೊಡೆ ಮೇಲಿನ ಸೀರೆಯಲ್ಲಿ ತೇರು ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ ನಿಂತಿತ್ತು. ಕೆಂಪು ದಾರದ ತುದಿ ಬಾಯಲ್ಲಿಟ್ಟು ಒದ್ದೆ ಮಾಡಿ ಮಾಡಿ ಕಸಬರಿಗೆ ಹಾಗೆ ಬಿಚ್ಚಿಕೊಂಡಿತ್ತು, ತುಟಿಗೂ ಬಣ್ಣ ಹತ್ತಿತ್ತು. ಬೈಯಲಿಲ್ಲ. "ಬಂದ್ಯಾ, ಚುರುಮುರಿ ಕಲಸಿಟ್ಟೇನಿ, ತಿನ್ನು" ಅಂದಳು. ಪಕ್ಕದ ಮನೆಯವರನ್ನ ಕೇಳಬೇಕಿತ್ತಲ್ಲ ಅಂದೆ. "ಮಗಳು ಪೋಣಿಸಿ ಕೊಡಲಿಲ್ಲೇನು ಅಂತ ಕೇಳತಾರ" ಅಂದಳು.

ನಾನು ತಿಂದೆ. ಪೂರ್ತಿ ತಿಂದು, ಕೈ ತೊಳೆದು, ಆಮೇಲೆ ಪೋಣಿಸಿದೆ. ಅಷ್ಟರಲ್ಲಿ ಕತ್ತಲಾಗಿತ್ತು. ಅವ್ವ ಹೋಗಿ ಇಷ್ಟು ವರ್ಷವಾದರೂ, ತಿನ್ನುವ ಮೊದಲೇ ಒಂದು ಸೂಜಿಯನ್ನಾದರೂ ಯಾಕೆ ಪೋಣಿಸಲಿಲ್ಲ ಅಂತ ಕೇಳಿಕೊಳ್ಳುತ್ತೇನೆ. ಒಂದಾದರೂ.

ನೀನು ಹೊರಗಿನದು ಜಾಸ್ತಿ ತಿನ್ನಬೇಡ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹದಿನೈದು ದಿನ ಬರುತ್ತವೆ, ರೂಮಿನವರಿಗೂ ಕೊಡು. ಸಂಬಳ ಬಂದ ದಿನವೇ ಸ್ವಲ್ಪ ತೆಗೆದಿಡು, ಗೆಳತಿಯರು ಕೇಳಿದರು ಅಂತ ಸುಮ್ನೆ ಕೊಟ್ಟುಬಿಡಬೇಡ, ರಾತ್ರಿ ಆಟೋ ಹತ್ತುವಾಗ ನಂಬರ್... ನೋಡು, ಮತ್ತೆ ಶುರು ಮಾಡಿದೆ. ಆದರೂ ತೆಗೆದಿಡು. "ಹೋಗು, ನೀನಿಲ್ಲದಿದ್ದರೆ ಇಲ್ಲೇನೂ ನಿಲ್ಲೋದಿಲ್ಲ" ಅಂದದ್ದು ತಪ್ಪಾಯಿತು. ನಮ್ಮ ಮನೆತನದ ಮೊದಲ ಇಂಜಿನಿಯರ್ ಅಂತ ಓಣಿ ತುಂಬ ಹೇಳಿಕೊಂಡು ಬಂದವಳೂ ನಾನೇ, ನಿನಗೊಬ್ಬಳಿಗೆ ಹೇಳಿರಲಿಲ್ಲ.

ಇವತ್ತು ಒಂದು ಸೂಜಿ ಖರ್ಚಾಯಿತು, ಆರು ಉಳಿದಿವೆ. ಪಂಚಮಿಗೆ ರಜೆ ಕೇಳು. ಅಲ್ಲೀತನಕ ಸಾಲದಿದ್ದರೆ ಪಕ್ಕದ ಮನೆ ಹುಡುಗನನ್ನ ಕರೆಯುತ್ತೇನೆ. ಮಗಳು ಎಲ್ಲಿ ಅಂತ ಕೇಳಿದರೆ ಹೇಳುತ್ತೇನೆ, ಬೆಂಗಳೂರಾಗ ಅದಾಳ.

ನಿನ್ನ ಅವ್ವ