ಸಭಾಂಗಣದ ಮಾಡು ಸೋರುತ್ತಿದೆ, ಸೆಪ್ಟೆಂಬರ್ 21ರೊಳಗೆ ನಿಮ್ಮ ನೆರವು ಬೇಕು

ಊರ, ಪರವೂರ ಆತ್ಮೀಯ ದಾನಿಗಳಿಗೆ ಮಂಗಳೂರಿನಿಂದ ನಮಸ್ಕಾರ.

ಆಟಿ ತಿಂಗಳ ಮಳೆಗೆ ನಮ್ಮ ಸಭಾಂಗಣದ ಮಾಡು ಕೊನೆಗೂ ಕೈಕೊಟ್ಟಿದೆ. ಮೊನ್ನೆ ಭಾನುವಾರ ಶಾಂತಿ ಸಂಧಾನಗಳ ಕುರಿತ ನಮ್ಮ ಉಪನ್ಯಾಸ ಅರ್ಧಕ್ಕೆ ಬಂದಿತ್ತು. ವೇದಿಕೆಯ ಬಲಬದಿಯ ಎರಡು ಪಕ್ಕಾಸು ಮುರಿದು ಹಂಚುಗಳು ಜಾರಿ ಬಿದ್ದವು. ದೇವರ ದಯೆ, ಆ ಕಡೆಯ ಬೆಂಚಿನಲ್ಲಿ ಯಾರೂ ಇರಲಿಲ್ಲ. ಕರೆಂಟ್ ತೆಗೆದೆವು, ಮೈಕ್ ಹೋಯಿತು. ಆದರೆ ಒಬ್ಬರೂ ಮನೆಗೆ ಹೊರಡಲಿಲ್ಲ. ಕುರ್ಚಿ ಎಳೆದುಕೊಂಡು ಎಡಗೋಡೆಗೆ ಒತ್ತಿ ಕೂತರು. ಮಳೆಯ ಸದ್ದಿನ ನಡುವೆ ಇನ್ನೂ ಮುಕ್ಕಾಲು ಗಂಟೆ ಉತ್ತರ ಐರ್ಲೆಂಡಿನ ಕಥೆ ಕೇಳಿದರು. ಮೂವತ್ತು ವರ್ಷ ಹೊಡೆದಾಡಿ ಸುಮಾರು 3,500 ಜನ ಸತ್ತ ನಾಡು ಅದು. ಅಮೆರಿಕದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಹತ್ತಿರ ಹತ್ತಿರ ಎರಡು ವರ್ಷ ಮಾತುಕತೆ ನಡೆಸಿದರು. 1998ರ ಏಪ್ರಿಲ್ 10ರಂದು ಒಪ್ಪಂದವಾಯಿತು. ಒದ್ದೆ ಸೀರೆಯಲ್ಲೇ ಅದನ್ನು ಕೇಳಿ ಮುಗಿಸಿದ ಹಿರಿಯರನ್ನು ನೋಡಿ ನಮ್ಮ ಕಣ್ಣು ತುಂಬಿ ಬಂತು.

ನಮ್ಮ ಸಭೆಯ ಹಿನ್ನೆಲೆ ನಿಮಗೆ ಗೊತ್ತೇ ಇದೆ. ಹಿರಿಯರು ಇದನ್ನು ಶುರು ಮಾಡಿದ್ದೇ ತಾಳಮದ್ದಳೆಯಿಂದ. ಕೃಷ್ಣ ಸಂಧಾನಕ್ಕೆ ಹೋಗಿ ಐದು ಊರು ಕೇಳುತ್ತಾನೆ, ಕೌರವ ಸೂಜಿಮೊನೆಯಷ್ಟೂ ಜಾಗ ಕೊಡುವುದಿಲ್ಲ ಅನ್ನುತ್ತಾನೆ. ರಾತ್ರಿಯಿಡೀ ಅರ್ಥಧಾರಿಗಳ ವಾದ. ಮರುದಿನ ಅದೇ ಚಾಪೆಯ ಮೇಲೆ ಅಮೆರಿಕದ ಕ್ಯಾಂಪ್ ಡೇವಿಡ್ ಸಂಧಾನದ ಬಗ್ಗೆ ಉಪನ್ಯಾಸ. 1978ರಲ್ಲಿ ಅಲ್ಲಿ 13 ದಿನ ಮಾತುಕತೆ ನಡೆಯಿತು. ಈಜಿಪ್ಟಿನ ಸಾದಾತ್, ಇಸ್ರೇಲಿನ ಬೆಗಿನ್ ಮುಖ ಕೊಟ್ಟು ಮಾತಾಡದಾದಾಗ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಓಡಾಡಿದರು. ಕೊನೆಗೆ ಬೆಗಿನ್ ಅವರ ಒಬ್ಬೊಬ್ಬ ಮೊಮ್ಮಗುವಿನ ಹೆಸರನ್ನೂ ಫೋಟೋಗಳ ಮೇಲೆ ಬರೆದು ಕೊಟ್ಟರು. ಬೆಗಿನ್ ಕರಗಿದರು. ಈ ಭಾಗ ಬಂದಾಗ ನಮ್ಮ ಸಭೆ ಪಿಟ್ಟೆಂದಿರಲಿಲ್ಲ.

ಸಂಧಾನದ ಈ ಕೆಲಸ ನಮ್ಮೂರಿಗೆ ಹೊಸದೂ ಅಲ್ಲ. ಮಂಗಳೂರಿನಲ್ಲಿ ಹುಟ್ಟಿ, ಇಲ್ಲಿಯ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾವ್ ಅವರನ್ನು ಸಂವಿಧಾನದ ಸಲಹೆಗಾರರೆಂದು ಎಲ್ಲರೂ ನೆನೆಯುತ್ತಾರೆ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿದ್ದವರೂ ಅವರೇ. ಅದೇ ಡಿಸೆಂಬರಿನಲ್ಲಿ ಕದನ ವಿರಾಮಕ್ಕೆ ದಾರಿ ಹುಡುಕಲು ಮೂವರನ್ನು ನೇಮಿಸಿದಾಗ ಕೆನಡಾ, ಇರಾನಿನವರ ಜೊತೆ ನಮ್ಮ ರಾಯರೂ ಇದ್ದರು. ಆ ಪ್ರಯತ್ನ ಫಲಿಸಲಿಲ್ಲ, ಯುದ್ಧ ನಿಂತದ್ದು 1953ರಲ್ಲಿ. ಆಮೇಲೆ ಯುದ್ಧಕೈದಿಗಳನ್ನು ಊರಿಗೆ ಕಳಿಸುವ ಆಯೋಗಕ್ಕೆ ಪಕ್ಕದ ಕೊಡಗಿನ ಜನರಲ್ ತಿಮ್ಮಯ್ಯ ಅಧ್ಯಕ್ಷರಾದರು. ಇದನ್ನು ಶಾಲೆ ಮಕ್ಕಳಿಗೆ ಹೇಳುವವರು ನಾವಲ್ಲದೆ ಇನ್ಯಾರು?

ಕೇಳಲು ಬರುವವರು ಪದವೀಧರರು ಮಾತ್ರ ಅಂದುಕೊಳ್ಳಬೇಡಿ. ಗಲ್ಫಿನಲ್ಲಿ ಮಗ ಇರುವ ತಂದೆತಾಯಿ ಬರುತ್ತಾರೆ. 1990ರ ಆಗಸ್ಟಿನಲ್ಲಿ ಇರಾಕಿನ ದಾಳಿಗೆ ಕುವೈತ್ ಬಿದ್ದಾಗ ದುಡಿದದ್ದೆಲ್ಲ ಬಿಟ್ಟು ಉಟ್ಟ ಬಟ್ಟೆಯಲ್ಲಿ ವಾಪಸಾದವರು ಬರುತ್ತಾರೆ. ಆಗ ವಿಮಾನದಲ್ಲಿ ಬಂದ ಸುಮಾರು 1.7 ಲಕ್ಷ ಭಾರತೀಯರಲ್ಲಿ ನಮ್ಮ ಕರಾವಳಿಯವರೂ ಇದ್ದರಲ್ವಾ? ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡುವ ಹೆಣ್ಮಕ್ಕಳ ಅಮ್ಮಂದಿರೂ ಬರುತ್ತಾರೆ. 2023ರ ಅಕ್ಟೋಬರಿನಲ್ಲಿ ಇಸ್ರೇಲ್, ಹಮಾಸ್ ನಡುವೆ ಯುದ್ಧ ಶುರುವಾದಾಗ ಒಬ್ಬ ಅಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಇಡೀ ಉಪನ್ಯಾಸ ಕೂತಿದ್ದರು. ಕೊನೆಗೆ ಎದ್ದು, "ಇವರಿಬ್ಬರನ್ನೂ ಕೂರಿಸಿ ಮಾತಾಡಿಸುವವರು ಯಾರೂ ಇಲ್ವಾ ಮಾಸ್ಟ್ರೇ?" ಎಂದು ಕೇಳಿದರು. ನಮ್ಮ ಯಾವ ಪ್ರಶಸ್ತಿಗಿಂತಲೂ ಆ ಪ್ರಶ್ನೆ ನಮಗೆ ದೊಡ್ಡದು.

ಇನ್ನು ಶನಿವಾರದ ತರಗತಿಗಳು. 2023ರಲ್ಲಿ ಮಧ್ಯಸ್ಥಿಕೆ ಕಾಯ್ದೆ ಬಂದ ಮೇಲೆ ವಕೀಲರು ಬಂದು ಪುಕ್ಕಟೆ ಕಲಿಸುತ್ತಿದ್ದಾರೆ. ಪಾಲಿನ ತಕರಾರು, ತೋಡಿನ ನೀರು, ಬೇಲಿ ಜಗಳ, ಇವನ್ನು ಕೋರ್ಟಿಗೆ ಹೋಗುವ ಮೊದಲೇ ಕೂತು ಬಗೆಹರಿಸುವುದು ಹೇಗೆ ಅಂತ. ನಮ್ಮ ಹಿರಿಯರ ರಾಜಿ ಪಂಚಾತಿಕೆಯೇ ಇದು, ಈಗ ಅದಕ್ಕೆ ಕಾನೂನಿನ ಬಲ ಇದೆ. ಸುಳ್ಯ, ಬೆಳ್ತಂಗಡಿಯಿಂದ ಬರುವ ಮಕ್ಕಳಿಗೆ ಬಸ್ಸಿನ ಖರ್ಚು ಮತ್ತು ಮಧ್ಯಾಹ್ನದ ಗಂಜಿ ಊಟ ಇಷ್ಟು ವರ್ಷ ನಾವೇ ಕೊಟ್ಟಿದ್ದೇವೆ. ಒಂದು ವಾರವೂ ತಪ್ಪಿಸಿಲ್ಲ. ಈಗ ತರಗತಿ ನಿಂತಿದೆ. ಟಾರ್ಪಾಲು ಕಟ್ಟಿದ ಮಾಡಿನ ಕೆಳಗೆ ಮಕ್ಕಳನ್ನು ಕೂರಿಸಲು ನಮಗೆ ಧೈರ್ಯ ಇಲ್ಲ.

ಸೆಪ್ಟೆಂಬರ್ 21 ಅಂತರರಾಷ್ಟ್ರೀಯ ಶಾಂತಿ ದಿನ. ಅಂದಿನಿಂದ ಗಾಂಧಿ ಜಯಂತಿವರೆಗೆ ಉಪನ್ಯಾಸ ಮಾಲೆ ಎಂದು ಎಲ್ಲರಿಗೂ ತಿಳಿಸಿಯಾಗಿದೆ. ಈ ಸಲ ಇಂಡೋನೇಷ್ಯಾದ ಅಚೆ ಪ್ರಾಂತ್ಯದ ಶಾಂತಿ ಒಪ್ಪಂದ, ಶ್ರೀಲಂಕಾದ 2002ರ ಕದನ ವಿರಾಮ, ಭಾರತ, ಪಾಕಿಸ್ತಾನದ ನಡುವಿನ ಸಿಂಧೂ ನೀರಿನ ಒಪ್ಪಂದ ಇಷ್ಟೂ ಇವೆ. ಹೊರಗೆ ಬಾಡಿಗೆ ಹಾಲ್ ಕೇಳಿ ನೋಡಿದೆವು. ನಮ್ಮ ಕೈಗೆ ಎಟಕುವ ಹಾಗಿಲ್ಲ.

ಮರ, ರೀಪು, ಹಂಚು, ಕೂಲಿ, ವಯರಿಂಗ್ ಎಲ್ಲ ಸೇರಿ ಸುಮಾರು 7 ಲಕ್ಷ ಆಗಬಹುದು ಎಂದು ಮೇಸ್ತ್ರಿ ಹೇಳಿದ್ದಾರೆ. ಹಳೇ ಹಂಚು ಜಾಸ್ತಿ ಪಾಲು ಗಟ್ಟಿಯಾಗಿದೆ, ಹಾಗಾಗಿ ಇಷ್ಟಕ್ಕೆ ನಿಲ್ಲುತ್ತದೆ. ಟ್ರಸ್ಟಿಗಳು ನಾವೆಲ್ಲ ಸೇರಿ 2 ಲಕ್ಷದಷ್ಟು ಹಾಕಿದ್ದೇವೆ. ಸೋಣ ತಿಂಗಳು ಹಿಡಿದು ಮಳೆ ಸ್ವಲ್ಪ ಬಿಟ್ಟ ಕೂಡಲೇ ಬಡಗಿಗಳು ಬರುತ್ತಾರೆ. ಮರದ ಮಿಲ್ಲಿಗೆ ಆಗಸ್ಟ್ 15ರೊಳಗೆ ಮುಂಗಡ ಕೊಡಬೇಕು.

ನೂರು ರೂಪಾಯಿಯೂ ನಮಗೆ ದೊಡ್ಡದೇ. ಒಂದು ಪಕ್ಕಾಸಿನ ಖರ್ಚು ಹೊರುತ್ತೇವೆ ಎನ್ನುವವರು, ಮರವನ್ನೇ ಕೊಡುವವರು, ಒಂದು ದಿನದ ಶ್ರಮದಾನಕ್ಕೆ ಬರುವವರು ಎಲ್ಲರೂ ಬೇಕು. ಸಂಜೆ ನಾಲ್ಕರಿಂದ ಏಳರವರೆಗೆ ಕಚೇರಿಯಲ್ಲಿ ಒಬ್ಬರು ಟ್ರಸ್ಟಿ ಇರುತ್ತೇವೆ. ರಸೀದಿ ಅಲ್ಲೇ ಕೊಡುತ್ತೇವೆ. ಬರುವಾಗ ಮುಂದಿನ ಬಾಗಿಲಿನಿಂದ ಬರಬೇಡಿ, ಅಲ್ಲಿ ಹಂಚು ಇನ್ನೂ ಸಡಿಲ ಇದೆ. ಬಾವಿಕಟ್ಟೆಯ ಬದಿಯಿಂದ ಬನ್ನಿ.

ನಿಮ್ಮವರೇ ಆದ,
ಟ್ರಸ್ಟಿಗಳು